ಆರನೇ ಕಾರಿನ ಬಾನೆಟ್ಟು

ಕಾರಿನ ತಗಡಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದರೆ ಸಾಕು, ಅದರ ಬಣ್ಣ ಕಂಪನಿಯದೋ ಗಲ್ಲಿಯದೋ ಹೇಳಿಬಿಡುತ್ತೇನೆ ಎಂದು ಮುಂಬೈಯ ಅರ್ಧ ಗ್ಯಾರೇಜುಗಳಲ್ಲಿ ಕೊಚ್ಚಿಕೊಂಡು ಬಂದವನು ನಾನು. ಉಳಿದರ್ಧ ಗ್ಯಾರೇಜುಗಳಲ್ಲಿ ನನ್ನನ್ನು ಒಳಗೆ ಬಿಡುವುದಿಲ್ಲ, ಅದಕ್ಕೆ ಕಾರಣ ಬೇರೆ. ಒಬ್ಬ ಮಾಲೀಕರ ಹೊಸ ಕಾರಿನ ಬಾಗಿಲಿಗೆ ಉದ್ದನೆಯ ಗೀರಿನ ಚಿತ್ರವನ್ನು ಅಂಟಿನ ವಿನೈಲ್ ಹಾಳೆಯ ಮೇಲೆ ಪ್ರಿಂಟ್ ಮಾಡಿ ಅಂಟಿಸಿದ್ದೆ. ಅಂಚು ಎಷ್ಟು ನಯವಾಗಿ ಕೂರಿಸಿದ್ದೆನೆಂದರೆ ಅವರು ಮೂರು ದಿನ ವಾಚ್‌ಮನ್‌ನನ್ನು ಬೈದರು. ನಾಲ್ಕನೇ ದಿನ ಕಾರು ತೊಳೆಯುವಾಗ ಗೀರಿನ ತುದಿ ಮೇಲೆದ್ದಿತು.

ಇರಲಿ. ಈಗ ಹೇಳಹೊರಟಿದ್ದು ಆ ಗೆಣ್ಣು ನನಗೆ ಕೈಕೊಟ್ಟ ಕತೆ.

ಇಡ್ಲಿ ಹಿಟ್ಟು ಮಾಡಿ ಪ್ಯಾಕೆಟ್ಟಿನಲ್ಲಿ ಮಾರುವ ಒಂದು ಕಂಪನಿ. ಆರು ಸಣ್ಣ ಕಾರುಗಳು, ಆರೂ ಬಿಳಿ. ಡ್ರೈವರುಗಳ ಸ್ವಂತ ಕಾರುಗಳೇ. ಮೈತುಂಬ ಕಂಪನಿಯ ಜಾಹೀರಾತು ಅಂಟಿಸಿಕೊಂಡು ಅವರು ಅಂಗಡಿ ಅಂಗಡಿಗೆ ಹಿಟ್ಟು ಮುಟ್ಟಿಸಬೇಕು. ಜಾಹೀರಾತು ಅಂಟಿದ ಕಾರಿಗಷ್ಟೇ ಕೆಲಸ. ಎರಡೂ ಕಡೆಯ ಬಾಗಿಲುಗಳ ಮೇಲೆ ಸೌಟು ಹಿಡಿದು ನಗುವ ಹೆಂಗಸು, ಹಿಂದಿನ ಡಿಕ್ಕಿಯ ಮೇಲೆ ಕಾಯಿಚಟ್ನಿಯ ಬಟ್ಟಲು, ಮುಂದೆ ಬಾನೆಟ್ಟಿನ ಮೇಲೆ ಒಂದೇ ಒಂದು ಇಡ್ಲಿ. ಒಂದೇ ಅಂದೆನಲ್ಲ, ಅದು ಮದುವೆಮನೆಯ ಪರಾತದಷ್ಟು ಅಗಲವಿತ್ತು. ಇಡ್ಲಿ ಬೆಳ್ಳಗಿರುತ್ತದೆ. ಬೆಳ್ಳನೆಯ ಹಾಳೆಯ ಕೆಳಗೆ ಒಂದು ಕೂದಲು ಸಿಕ್ಕಿಕೊಂಡರೂ ಕಾಣುತ್ತದೆ. ಇಡ್ಲಿಯಲ್ಲಿ ಕೂದಲು ಕಂಡರೆ ಏನಾಗುತ್ತದೆಂದು ನಿಮಗೇ ಗೊತ್ತು.

ಕೆಲಸ ಮಾಡುವವರು ಇಬ್ಬರು, ನಾನು ಮತ್ತು ನನ್ನ ಪಾರ್ಟ್ನರ್. ಅವನು ಉಡುಪಿ ಕಡೆಯವನು, ಬೊರಿವಲಿಯಲ್ಲಿ ಮನೆ. ಇಪ್ಪತ್ತು ವರ್ಷ ಹೋಟೆಲಿನ ಕಾವಲಿಯ ಮುಂದೆ ನಿಂತು ದೋಸೆ ಹುಯ್ದ ಮಣಿಕಟ್ಟು ಅವನದು. ಅದೇ ಮಣಿಕಟ್ಟಿನಿಂದ ಈಗ ಸ್ಕ್ವೀಜಿ ಎಳೆಯುತ್ತಾನೆ. ಅಂಚಿಗೆ ಬಟ್ಟೆ ಹೊದಿಸಿದ ಅಂಗೈಯಗಲದ ಪ್ಲಾಸ್ಟಿಕ್ ಪಟ್ಟಿಗೆ ನಾವು ಹಾಗೆನ್ನುತ್ತೇವೆ, ಹಾಳೆಯನ್ನು ಒತ್ತಿ ಗಾಳಿ ಹೊರಹಾಕುವುದು ಅದರಿಂದಲೇ. ಕೆಲಸಗಾರ ಒಳ್ಳೆಯವನು, ಆದರೆ ದೇವರು ಅವನಿಗೆ ನಗು ಇಡುವುದನ್ನು ಮರೆತಿದ್ದ. ಹನ್ನೊಂದು ವರ್ಷಗಳಲ್ಲಿ ನನ್ನ ಒಂದು ಚೇಷ್ಟೆಗೂ ಅವನ ತುಟಿ ಅಲುಗಿರಲಿಲ್ಲ. ಅವನ ಟಿಫಿನ್ ಡಬ್ಬಿಯ ಮುಚ್ಚಳದ ಒಳಗೆ ಹಲ್ಲಿಯ ಸ್ಟಿಕ್ಕರ್ ಅಂಟಿಸಿದ ದಿನವೂ ಅವನು, "ಹಲ್ಲಿ ಉಂಟು" ಎಂದಷ್ಟೇ ಹೇಳಿ ಊಟ ಮಾಡಿದ.

ನಮ್ಮ ಮೇಲೆ ಜಾಹೀರಾತು ಏಜೆನ್ಸಿಯ ಮೇಡಂ. ಮುಲುಂಡಿನ ಮರಾಠಿ ಹೆಣ್ಣುಮಗಳು, ಅರ್ಧ ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದರು. ದಸರೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಮುಲುಂಡಿನ ಒಂದು ಸೊಸೈಟಿಯ ಮೈದಾನದಲ್ಲಿ ಆರೂ ಕಾರುಗಳು ಸಾಲಾಗಿ ನಿಲ್ಲಬೇಕು, ಕಂಪನಿಯ ಮಾಲೀಕರು ಬಾವುಟ ಬೀಸಬೇಕು.

ಆಂಟಾಪ್ ಹಿಲ್‌ನ ನಮ್ಮ ತಗಡಿನ ಶೆಡ್ಡಿನಲ್ಲಿ ನಾಲ್ಕು ದಿನಗಳಲ್ಲಿ ಐದು ಕಾರು ಮುಗಿಸಿದೆವು. ಅಂಟಿಸುವ ಮೊದಲು ಪ್ರತಿ ಕಾರಿಗೂ ಟೇಪಿನ ಪರೀಕ್ಷೆ ಮಾಡಬೇಕು, ಅದು ಏಜೆನ್ಸಿಯ ನಿಯಮ. ಕಾಗದದ ಟೇಪನ್ನು ಬಣ್ಣಕ್ಕೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಒಮ್ಮೆಲೇ ಕಿತ್ತು ನೋಡುವುದು. ಫ್ಯಾಕ್ಟರಿಯ ಬಣ್ಣವಾದರೆ ಟೇಪು ಬರಿದಾಗಿ ಬರುತ್ತದೆ. ಗಲ್ಲಿಯಲ್ಲಿ ತಗ್ಗು ತುಂಬಲು ಪುಟ್ಟಿಯ ಲೇಪ ಮೆತ್ತಿ ಮೇಲೆ ಬಣ್ಣ ಹೊಡೆದದ್ದಾದರೆ ಬಣ್ಣವೂ ಹಿಂದೆಯೇ ಎದ್ದು ಬರುತ್ತದೆ. ಅಂಥ ಕಾರಿಗೆ ಹಾಳೆ ಅಂಟಿಸುವ ಹಾಗಿಲ್ಲ. ಐದೂ ಕಾರುಗಳಲ್ಲಿ ಟೇಪು ಚೊಕ್ಕವಾಗಿ ಬಂತು, ನಾನು ಫಾರಂನಲ್ಲಿ 'ಟೆಸ್ಟ್ ಓಕೆ' ಎಂದು ಬರೆದು ಸಹಿ ಹಾಕಿದೆ.

ಆರನೇ ಕಾರಿನವನು ಕೊನೆ ಗಳಿಗೆಯಲ್ಲಿ ಊರಿಗೆ ಹೋದ. ಅವನ ಬದಲಿಗೆ ಮೇಡಂ ಹೊಸಬಳೊಬ್ಬಳನ್ನು ಕಳಿಸಿದರು. ಅವಳು ಬಂದದ್ದು ಖಂಡೇನವಮಿಯ ದಿನ ಮಧ್ಯಾಹ್ನ. ನಲವತ್ತರ ಆಸುಪಾಸಿನ ಹೆಂಗಸು, ಇಂಡಿ ತಾಲ್ಲೂಕಿನವಳು, ನಮ್ಮ ಹಿಂದಿನ ಬಿಲ್ಡಿಂಗಿನಲ್ಲೇ ಇದ್ದಾಳೆ. ಶಾಲೆಯ ಮಕ್ಕಳನ್ನು ಬಿಟ್ಟುಬರುವ ಕೆಲಸ ಜೂನ್‌ನಲ್ಲಿ ನಿಂತುಹೋಗಿತ್ತು. ಅಂದಿನಿಂದ ಕಾರು ಕಾಂಪೌಂಡಿನಲ್ಲೇ ನಿಂತಿತ್ತು. ಈ ಹಿಟ್ಟಿನ ಕೆಲಸ ಸಿಕ್ಕರೆ ಮತ್ತೆ ಗಾಲಿ ಉರುಳುತ್ತದೆ, ಇಲ್ಲವಾದರೆ ಮಾರಬೇಕು ಎಂದು ಕಾರಿನಿಂದ ಇಳಿದ ಐದು ನಿಮಿಷದಲ್ಲೇ ಹೇಳಿದಳು.

"ಕಾಕಾ, ನಿಮ್ಮೂರ ಯಾವ್ದರಿ?"

"ನಮ್ಮೂರ? ಆಂಟಾಪ್ ಹಿಲ್."

"ಅದಲ್ರೀ, ಅದರ ಮೊದಲಿಂದು."

"ಅದರ ಮೊದಲ ನಮ್ಮವ್ವನ ಹೊಟ್ಟಿಯೊಳಗ ಇದ್ದೆ."

"ಹಂಗಾರ ಭಾಳ ಸಣ್ಣೂರು ಬಿಡ್ರಿ," ಎಂದಳು, ಕಣ್ಣು ಕೂಡ ಮಿಟುಕಿಸದೆ.

ನನಗೆ ಜೋಡಿ ಸಿಕ್ಕಿದಳು ಎಂದುಕೊಂಡೆ. ಎಂಥ ಜೋಡಿ ಎಂದು ಗೊತ್ತಾಗಿದ್ದು ಮರುದಿನ.

ಕಾರನ್ನು ಪೂಜೆ ಮಾಡಿಯೇ ತಂದಿದ್ದಳು. ಬಾನೆಟ್ಟಿನ ನಡುಮಧ್ಯೆ ಊಟದ ತಟ್ಟೆಯಷ್ಟು ದೊಡ್ಡ ಕುಂಕುಮದ ಸ್ವಸ್ತಿಕ, ಅದರ ಸುತ್ತ ಅಕ್ಷತೆ, ಮೇಲೆ ದಪ್ಪನೆಯ ಚೆಂಡುಹೂವಿನ ಹಾರ. ನಮ್ಮ ಶೆಡ್ಡಿನಲ್ಲೂ ಪೂಜೆ ಮುಗಿದಿತ್ತು. ಖಂಡೇನವಮಿಯೆಂದರೆ ಆಯುಧಗಳೆಲ್ಲ ದೇವರ ಮುಂದೆ ಕೂರಬೇಕು, ಮರುದಿನ ಎಬ್ಬಿಸುವ ತನಕ ಯಾರೂ ಮುಟ್ಟುವಂತಿಲ್ಲ. ನಾನು ಯಾವುದರಲ್ಲೂ ಕಡಿಮೆ ಬೀಳುವವನಲ್ಲ. ಬ್ಲೇಡು, ಸ್ಕ್ವೀಜಿ, ಬಿಸಿಗಾಳಿಯ ಗನ್ನು, ಅಳತೆಪಟ್ಟಿ, ಕೊನೆಗೆ ಟೇಪಿನ ಸುರುಳಿಗೂ ಅರಿಶಿನ ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದೆ. ಅವತ್ತೇ ಬೆಳಿಗ್ಗೆ ನನ್ನ ಮೀಸೆಗೂ ಕಪ್ಪು ಹಚ್ಚಿಕೊಂಡಿದ್ದೆ. ಅದೂ ಒಂದು ಆಯುಧವೇ.

ಈಗ ಟೇಪಿನ ಪರೀಕ್ಷೆ ಹೇಗೆ? ಪಾರ್ಟ್ನರ್ ಹೇಳಿದ, "ಸ್ಟೇಷನರಿ ಅಂಗಡಿ ಅಲ್ಲೇ ಉಂಟಲ್ಲ ಮಾರಾಯ್ರೆ. ಹೊಸ ಟೇಪು ತರುವ."

"ಇವತ್ತ ತಂದ್ರ ಅದೂ ಆಯುಧನ ಆತು. ಅದಕ್ಕೂ ಕುಂಕುಮ ಹಚ್ಚಿ ಕುಂಡ್ರಸಬೇಕಾಕ್ಕೈತಿ."

"ಹಾಗಾದರೆ ನಾಳೆ ಬೆಳಿಗ್ಗೆ ಮಾಡುವ."

"ನಾಳೆ ಟೈಮ್ ಎಲ್ಲೈತಿ? ನನ್ನ ಗೆಣ್ಣ ಐತಲ್ಲ."

ಬಲಗೈ ಮಡಚಿ ಗೆಣ್ಣನ್ನು ಮುಂದೆ ಮಾಡಿ ಶುರು ಮಾಡಿದೆ. ಎಡಬಾಗಿಲು, ಟಣ್ ಟಣ್. ಬಲಬಾಗಿಲು, ಟಣ್ ಟಣ್. ಡಿಕ್ಕಿ, ಬಾನೆಟ್ಟಿನ ಎಡಮೂಲೆ, ಬಲಮೂಲೆ, ಎಲ್ಲ ಟಣ್ ಟಣ್. ತೆಳು ಬಣ್ಣ, ಫ್ಯಾಕ್ಟರಿಯದು. ನಡುವೆ ಸ್ವಸ್ತಿಕವಿತ್ತು. ಹಬ್ಬದ ದಿನ ದೇವರ ಗುರುತಿನ ಮೇಲೆ ಗೆಣ್ಣು ಬಡಿಯಲು ನನ್ನ ಕೈ ಮೇಲೇಳಲಿಲ್ಲ. ಕಾರಿನ ಒಡತಿ ಪಕ್ಕದಲ್ಲೇ ಕೈಮುಗಿದು ನಿಂತಿದ್ದಳು.

"ಮೈಯೆಲ್ಲಾ ಒಂದ ಬಣ್ಣ, ಒಂದ ತಾಯಿ ಮಗಳು," ಎಂದು ಘೋಷಿಸಿ ಫಾರಂನಲ್ಲಿ ಬರೆದೆ. ಟೆಸ್ಟ್ ಓಕೆ. ಪಾರ್ಟ್ನರ್ ನನ್ನ ಸಹಿಯನ್ನು ನೋಡಿದ, ನನ್ನನ್ನು ನೋಡಿದ, ಚೀಲ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿಗೆ ನಡೆದ.

ದಸರೆಯ ಬೆಳಿಗ್ಗೆ ಆರೂವರೆಗೆ ನಾನು ಆಯುಧ ಎಬ್ಬಿಸಿದೆ. ಏಳಕ್ಕೆ ಪಾರ್ಟ್ನರ್ ಬಂದ, ಅಂಧೇರಿಯಲ್ಲಿ ಲೋಕಲ್ ಬದಲಿಸಿ. ಅವನ ಹಿಂದೆಯೇ ಅವಳೂ ಬಂದಳು, ಕೈಯಲ್ಲಿ ಬನ್ನಿ ಎಲೆ.

"ಬನ್ನಿ ತಗೊಂಡು ಬಂಗಾರಧಂಗ ಇರೂಣ್ರಿ ಕಾಕಾ."

"ಬಂಗಾರ ಬ್ಯಾಡ ತಂಗಿ, ಇಡ್ಲಿಹಂಗ ಮೆತ್ತಗಿದ್ರ ಸಾಕು," ಎಂದೆ.

ಬಾನೆಟ್ಟು ತೊಳೆಯಲು ಬಕೆಟ್ ಎತ್ತಿದರೆ ಅವಳು ಮುಂದೆ ಬಂದಳು. "ಸ್ವಸ್ತಿಕ ನಾನ ಒರಸ್ತೀನಿ. ನಾನ ಬರದೀನಲ್ಲರಿ." ಒದ್ದೆ ಬಟ್ಟೆಯಿಂದ ಎಷ್ಟು ಮೆಲ್ಲಗೆ ಒರೆಸಿದಳೆಂದರೆ ಕೂಸಿನ ಮುಖ ಒರೆಸಿದ ಹಾಗಿತ್ತು. ಎಂಥ ಭಕ್ತಿ ಎಂದುಕೊಂಡೆ ನಾನು, ಪೆದ್ದ.

ನಮ್ಮ ಶೆಡ್ಡಿನ ಬಾಯಿ ಪೂರ್ವಕ್ಕಿದೆ. ಹನ್ನೊಂದರ ತನಕ ಬಾನೆಟ್ಟಿನ ಮೇಲೆ ನೇರ ಬಿಸಿಲು. ಕಾದ ತಗಡಿನ ಮೇಲೆ ಹಾಳೆ ಇಟ್ಟರೆ ಸರಿಸಲು ಬಿಡದೆ ಮುಟ್ಟಿದಲ್ಲೇ ಕಚ್ಚಿಕೊಳ್ಳುತ್ತದೆ. ಮುಗಿದ ಐದು ಕಾರುಗಳ ನಡುವೆ ಇದನ್ನು ತಿರುಗಿಸಲು ಜಾಗವೂ ಇರಲಿಲ್ಲ. ಹಾಗಾಗಿ ಬಾಗಿಲು ಮೊದಲು, ಬಾನೆಟ್ಟು ಕೊನೆಗೆ ಎಂದು ಲೆಕ್ಕ ಹಾಕಿದೆವು.

ಅವತ್ತು ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಅಕ್ಟೋಬರಿನ ಬಿಸಿಲಿಗೆ ತಗಡಿನ ಮಾಡು ಕಾವಲಿಯಾಗಿತ್ತು. ಬೆವರು ಹಾಳೆಯ ಅಂಟಿಗೆ ಬೀಳಬಾರದೆಂದು ಹಣೆಗೆ ಟವೆಲ್ ಕಟ್ಟಿಕೊಂಡಿದ್ದೆವು. ಎಡಬಾಗಿಲಿನ ಹಿಡಿಕೆ ಬಿಚ್ಚುವಾಗ ಒಂದು ಸ್ಕ್ರೂ ಒಳಗೆ ಬಿತ್ತು, ಅದನ್ನು ಹುಡುಕಲು ಇಪ್ಪತ್ತು ನಿಮಿಷ. ಬಲಬಾಗಿಲಿನಲ್ಲಿ ಹೆಂಗಸಿನ ಮೂಗು ಎರಡು ಬಾಗಿಲುಗಳ ಸಂದಿಗೆ ಸರಿಯಾಗಿ ಬಿತ್ತು, ಅರ್ಧ ಮೂಗು ಮುಂದೆ, ಅರ್ಧ ಹಿಂದೆ. ಹಾಳೆಯನ್ನು ಎರಡು ಬೆರಳು ಹಿಂದಕ್ಕೆ ಸರಿಸಿ ಮತ್ತೆ ಕೂರಿಸಿದೆವು. ನಡುನಡುವೆ ಮೇಡಂ ಫೋನ್. "ಕಾಕಾ, ಝಾಲಂ ಕಾ?" ಆಯಿತೇ ಎಂದು ಕೇಳುವುದು. ಒಂಬತ್ತಕ್ಕೆ "ಝಾಲಂ" ಎಂದೆ, ಒಂಬತ್ತೂವರೆಗೂ ಅದನ್ನೇ ಅಂದೆ. ಡಿಕ್ಕಿಯ ಚಟ್ನಿ ಬಟ್ಟಲು ಮುಗಿದಾಗ ಹನ್ನೊಂದೂಮುಕ್ಕಾಲು.

ಬಾನೆಟ್ಟಿಗೆ ನೆರಳು ಬಂದಿತ್ತು. ನೀರು ಚಿಮ್ಮುವ ನಳಿಗೆಗಳನ್ನು ಬಿಚ್ಚಿ, ಸ್ಪಿರಿಟ್ ಹಾಕಿ ಎರಡು ಸಲ ಒರೆಸಿದೆವು. ಹಾಳೆಯನ್ನು ಹರಡಿ, ಇಡ್ಲಿಯ ನಡುವನ್ನು ಬಾನೆಟ್ಟಿನ ನಡುವಿಗೆ ಹೊಂದಿಸಿ, ಮೇಲೆ ಟೇಪು ಹಾಕಿ ಹಿಡಿಸಿದೆವು. ಹಿಂಬದಿಯ ಕಾಗದವನ್ನು ಅರ್ಧ ಸುಲಿದು ಆ ತುದಿ ಅವನು, ಈ ತುದಿ ನಾನು, ಒಗೆದ ಚಾದರ ಹಿಡಿದಂತೆ ಬಿಗಿಯಾಗಿ ಹಿಡಿದು ಇಳಿಸಿದೆವು. ಅವನು ನಡುವಿನಿಂದ ಅಂಚಿಗೆ ಸ್ಕ್ವೀಜಿ ಎಳೆಯತೊಡಗಿದ, ಒಂದರ ಮೇಲೊಂದು ಅರ್ಧ ಏರುವ ಹಾಗೆ, ದೋಸೆಯ ಗೆರೆಗಳಂತೆ. ಅಷ್ಟರಲ್ಲಿ ನನ್ನ ಜೇಬಿನಲ್ಲಿ ಮೇಡಂ ಬಡಿದುಕೊಂಡರು. ಒಂದು ಕೈ ಜೇಬಿಗೆ ಹೋಯಿತು, ಇನ್ನೊಂದು ಕೈಯಲ್ಲಿದ್ದ ಹಾಳೆಯ ತುದಿ ಜೋಲಿತು. ಇಡ್ಲಿಯ ಹೊಟ್ಟೆಯ ಮೇಲೆ ಗೇಣುದ್ದದ ಸುಕ್ಕು ಬಿತ್ತು.

"ಹೋಯ್ತು," ಎಂದ ಪಾರ್ಟ್ನರ್.

"ಎಲ್ಲಿ ಹೋಗತೈತಿ? ಎಬ್ಬಿಸಿ ಮತ್ತ ಕುಂಡ್ರಸಿದ್ರಾತು."

ಸುಕ್ಕು ಬಿದ್ದರೆ ಬಿಸಿಗಾಳಿ ತೋರಿಸಿ, ಹಾಳೆ ಮೆತ್ತಗಾದ ಮೇಲೆ ನಿಧಾನವಾಗಿ ಎಬ್ಬಿಸಿ ಮತ್ತೆ ಕೂರಿಸಬೇಕು. ಸಾವಿರ ಸಲ ಮಾಡಿದ ಕೆಲಸ. ಅಂಚಿನಿಂದ ಎಬ್ಬಿಸುತ್ತ ಬಂದೆ. ಒಂದು ಗೇಣಿನ ತನಕ ಹಾಳೆ ಸದ್ದಿಲ್ಲದೆ ಬಂತು. ಆಮೇಲೆ ಸದ್ದು ಬದಲಾಯಿತು. ಹಪ್ಪಳ ಮುರಿದ ಸದ್ದು. ಕೈ ನಿಲ್ಲಿಸುವಷ್ಟರಲ್ಲಿ ತಡವಾಗಿತ್ತು.

ಹಾಳೆಯ ಹಿಂಬದಿಗೆ ಬಿಳಿ ಬಣ್ಣ ಚಕ್ಕೆಯಾಗಿ ಅಂಟಿಕೊಂಡು ಬಂದಿತ್ತು. ಬಾನೆಟ್ಟಿನ ಮೇಲೆ ಬೂದುಬಣ್ಣದ ಪುಟ್ಟಿ, ಅದರ ನಡುವೆ ಅಂಗೈಯಷ್ಟು ಬರಿಯ ತಗಡು. ಊಟದ ತಟ್ಟೆಯಷ್ಟಗಲ. ನಿನ್ನೆ ಸ್ವಸ್ತಿಕ ಇದ್ದ ಜಾಗ, ಒಂದು ಬೆರಳು ಆಚೆಯಿಲ್ಲ, ಈಚೆಯಿಲ್ಲ.

ನಾನು ತಲೆ ಎತ್ತಿ ಅವಳನ್ನು ನೋಡಿದೆ. ಅವಳು ಕೈಯಲ್ಲಿದ್ದ ಚಹಾದ ಲೋಟವನ್ನು ನೋಡುತ್ತಿದ್ದಳು.

"ಏನಿದು ತಂಗಿ?"

"ಕಾಯಿ ಬಿತ್ರಿ ಕಾಕಾ."

"ಯಾವ ಕಾಯಿ?"

"ತೆಂಗಿನಕಾಯಿ. ಕಾಂಪೌಂಡಿನ್ಯಾಗ ಗಿಡ ಐತಲ್ಲ, ಅದರ ಬುಡಕ ಗಾಡಿ ನಿಂತಿತ್ತು. ನಮ್ಮ ಮೈದುನ ಯಾವನೋ ಡೆಂಟರ್ ಕಡೆ ಮೆತ್ತಿಸಿಕೊಂಡು ಬಂದ. ಹೇಳಿದ್ರ ನೀವು ಗಾಡಿನ ತಗೋತಿರಲಿಲ್ಲ."

"ಮತ್ತ ಸ್ವಸ್ತಿಕ?"

ಅವಳು ಮೊದಲ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟಳು. "ಹಿರೇರು ಅದರ ಮ್ಯಾಲ ಬಡಿಯಂಗಿಲ್ಲ ಅಂತ ಗೊತ್ತಿತ್ರಿ. ನೀವು ಕುಟ್ಟಿ ನೋಡತೀರಿ ಅಂತ ಬಿಲ್ಡಿಂಗ್‌ನಾಗ ಎಲ್ಲಾರಿಗೂ ಗೊತ್ತೈತಿ."

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟಿನ ಹಿಂದೆಯೇ ಇನ್ನೊಂದು ಬಂತು, ಅದನ್ನು ಹೇಳಲು ನಾಚಿಕೆ. ನಲವತ್ತು ವರ್ಷ ಕಂಡಕಂಡವರಿಗೆಲ್ಲ ಟೋಪಿ ಹಾಕಿದ ನನಗೆ ಇವಳು ಚಿಟಿಕೆ ಕುಂಕುಮದಲ್ಲಿ ಟೋಪಿ ಹಾಕಿದ್ದಳು. ಬೇರೆಯವರಿಗೆ ಹಾಕಿದ್ದರೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ.

ಗಂಟೆ ಹನ್ನೆರಡೂವರೆ. ಇಡ್ಲಿಯ ಇನ್ನೊಂದು ಹಾಳೆ ನಮ್ಮ ಹತ್ತಿರ ಇತ್ತು, ಪ್ರಿಂಟಿಗೆ ಹೇಳುವಾಗಲೇ ಹೆಚ್ಚಿಗೆ ಒಂದು ಹೇಳಿರುತ್ತೇವೆ. ಅವಳಿಗೂ ಅದು ಕಂಡಿತ್ತು.

"ಅದನ್ನ ಮ್ಯಾಲ ಹಾಕಿಬಿಡ್ರಿ ಕಾಕಾ. ಯಾರಿಗೆ ಗೊತ್ತಾಕ್ಕೈತಿ? ನಿಮ್ಮ ಕೆಲಸನ ಮುಚ್ಚೂದಲ್ಲ?"

ಮಾತು ಸುಳ್ಳಲ್ಲ. ಎಷ್ಟು ತುಕ್ಕು ಮುಚ್ಚಿದ್ದೇನೆ, ಎಷ್ಟು ಗೀರು, ಎಷ್ಟು ಹಳೆಯ ಅಂಗಡಿಗಳ ಹೆಸರು. ಮೇಡಂಗೆ ಗೊತ್ತಾಗುವುದಿಲ್ಲ, ಮಾಲೀಕರಿಗೂ ಗೊತ್ತಾಗುವುದಿಲ್ಲ. ಜಾಹೀರಾತು ಕೀಳುವ ದಿನ ಯಾವನೋ ಬೇರೆಯವನು ಕೀಳುತ್ತಾನೆ, ಬಣ್ಣ ಬಂದರೆ ಅವನ ತಲೆಗೆ. ಸಹಿ ಬೇರೆ ಆಗಿಹೋಗಿದೆ. ಸುರುಳಿ ಬಿಚ್ಚಿ ಹಾಳೆಯನ್ನು ಬಾನೆಟ್ಟಿನ ಮೇಲೆ ಹರಡಿಯೇಬಿಟ್ಟೆ. ಎಷ್ಟು ಚೆಂದದ ಇಡ್ಲಿ. ಕೆಳಗಿನ ಗಾಯ ಪೂರ್ತಿ ಮಾಯ.

ಪಾರ್ಟ್ನರ್ ತನ್ನ ತುದಿಯನ್ನು ಹಿಡಿಯಲಿಲ್ಲ. ಸ್ಟೂಲಿನ ಮೇಲೆ ಕೂತು ಸ್ಕ್ವೀಜಿಯ ಬಟ್ಟೆ ಒರೆಸುತ್ತಿದ್ದ.

"ಹಿಡಿಯೋ."

"ಹಿಟ್ಟು ಕೆಟ್ಟರೆ ಚಟ್ನಿ ಎಷ್ಟು ಹಾಕಿದರೂ ಅಷ್ಟೇ ಮಾರಾಯ್ರೆ. ಗಿರಾಕಿ ಬಾಯಿಗೆ ಇಡುವವರೆಗೆ ಮಾತ್ರ."

"ನಿನ್ನ ಹೋಟೆಲ್ ಮಾತು ಬಿಡು. ಟೈಮ್ ಎಷ್ಟಾತು ನೋಡು."

"ಬೆರಳು ಇಟ್ಟು ನೋಡಿ ಒಮ್ಮೆ."

ಹಾಳೆ ಎತ್ತಿ ಪುಟ್ಟಿಯ ಮೇಲೆ ಬೆರಳೆಳೆದೆ. ಸೀಮೆಸುಣ್ಣದ ಹಾಗೆ ಪುಡಿ ಬಂತು. ಪುಡಿಯ ಮೇಲೆ ಅಂಟು ನಿಲ್ಲುವುದಿಲ್ಲ. ಎರಡು ವಾರದಲ್ಲಿ ಇಡ್ಲಿ ಉಬ್ಬುತ್ತದೆ, ಉಬ್ಬಿದ ಸಂದಿಯಲ್ಲಿ ನಮ್ಮ ಸಮುದ್ರದ ಹಸಿಗಾಳಿ ನುಗ್ಗುತ್ತದೆ, ಬರಿಯ ತಗಡಿಗೆ ತುಕ್ಕು. ಕೀಳುವ ದಿನ ಬಾನೆಟ್ಟಿಗೆ ತೂತು ಬಿದ್ದಿರುತ್ತದೆ. ಅದು ಕಂಪನಿಯ ಬಾನೆಟ್ಟಲ್ಲ, ನನ್ನದೂ ಅಲ್ಲ, ಇವಳದು. ಹಾಕಿ ಎಂದು ಕೇಳುತ್ತಿರುವವಳೂ ಇವಳೇ.

ಶೆಡ್ಡಿನ ಉದ್ದಕ್ಕೂ ನಡೆದೆ. ಹೋಗಿ ಬಂದೆ. ಗನ್ನು ಹಚ್ಚಿದೆ, ಆರಿಸಿದೆ. ನಾನು ಮಾಡಿದ ಚೇಷ್ಟೆಗಳಿಗೆಲ್ಲ ಒಂದು ನಿಯಮವಿತ್ತು, ಯಾರಿಗೂ ಹೇಳಿರಲಿಲ್ಲ ಅಷ್ಟೇ: ಕೊನೆಗೆ ತುದಿ ಎದ್ದು ಬರಬೇಕು, ಮೋಸಹೋದವನು ನೋಡಿ ಬೈಯಬೇಕು, ಆಮೇಲೆ ಇಬ್ಬರೂ ಚಹಾ ಕುಡಿಯಬೇಕು. ಈ ಹಾಳೆಯ ತುದಿ ಎದ್ದ ದಿನ ಚಹಾ ಕುಡಿಯಲು ಯಾರೂ ಇರುವುದಿಲ್ಲ.

ಹಾಳೆಯನ್ನು ಸುತ್ತಿ ಮೂಲೆಗೆ ಇಟ್ಟೆ. ಅವಳ ಮುಖ ಇಳಿಯಿತು.

"ಅಂದ್ರ ನನ್ನ ಗಾಡಿ ಇಲ್ಲೇ ಉಳೀತಂದಂಗ."

"ಬಾಯಿ ಮುಚ್ಚಿಕೊಂಡು ಕುಂಡ್ರು ಸ್ವಲ್ಪ. ಸ್ವಸ್ತಿಕ ಬರಿಯಾಕ ಬುದ್ಧಿ ಓಡ್ತಲ್ಲ, ಈಗ ನಂದು ಓಡ್ಲಿ."

ಮೇಡಂಗೆ ಫೋನ್ ಮಾಡಿದೆ. ಗನ್ನು ಸುಟ್ಟುಹೋಯಿತು ಎನ್ನುವ ಸುಳ್ಳು ನಾಲಗೆಯ ತುದಿಯಲ್ಲೇ ತಯಾರಿತ್ತು. ಆದರೆ ಬಾಯಿಂದ ಬಂದದ್ದು ಬೇರೆ. ಆರನೇ ಕಾರಿಗೆ ಟೇಪಿನ ಪರೀಕ್ಷೆ ಮಾಡಲಿಲ್ಲ, ಮಾಡದೆ ಸಹಿ ಹಾಕಿದೆ, ಬಾನೆಟ್ಟಿನ ಬಣ್ಣ ಎದ್ದುಬಂತು ಎಂದೆ. ಅವಳ ಕಾಯಿಯ ಸುದ್ದಿ ಎತ್ತಲಿಲ್ಲ. ಪರೀಕ್ಷೆ ಮಾಡಿದ್ದರೆ ಅದು ನಿನ್ನೆಯೇ ಸಿಗುತ್ತಿತ್ತು.

"ಹಾಗಾದರೆ ಐದೇ ಕಾರು ತನ್ನಿ," ಎಂದರು ಮೇಡಂ ಹಿಂದಿಯಲ್ಲಿ.

"ಆರು ತರುತ್ತೇನೆ. ಬಾಗಿಲು, ಡಿಕ್ಕಿ ಎಲ್ಲ ಮುಗಿದಿದೆ. ಐದು ಕಾರು ಮುಖ ಮಾಡಿ ನಿಲ್ಲಲಿ, ಆರನೆಯದು ಬೆನ್ನು ಮಾಡಿ ನಿಲ್ಲಲಿ. ಐದು ಇಡ್ಲಿಗೆ ಒಂದು ಬಟ್ಟಲು ಚಟ್ನಿ."

"ಕಾಕಾ, ತುಮ್ಹಿ ವೇಡೆ ಆಹಾತ್ ಕಾ?" ಹುಚ್ಚು ಹಿಡಿದಿದೆಯಾ ಎಂದು. ಆಮೇಲೆ, "ತನ್ನಿ. ಆದರೆ ಮಾಲೀಕರು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ."

"ನಾನೂ ಹೇಳುವುದಿಲ್ಲ," ಎಂದೆ. ನನ್ನ ಬಾಯಲ್ಲಿ ಆ ಮಾತು ಕೇಳಿ ನನಗೇ ವಿಚಿತ್ರವೆನಿಸಿತು.

ಅಳ್ಳಾಡುತ್ತಿದ್ದ ಬಣ್ಣವನ್ನೆಲ್ಲ ಕೆರೆದು, ತಗಡಿಗೆ ತುಕ್ಕು ಹಿಡಿಯದಂತೆ ಬೂದು ಪ್ರೈಮರ್ ಸ್ಪ್ರೇ ಹೊಡೆದೆವು. ಬಿಳಿ ಬಾನೆಟ್ಟಿನ ಮೇಲೆ ಬೂದು ಮಚ್ಚೆ ಎದ್ದು ಕಾಣುತ್ತಿತ್ತು. ಅವಳು ನಿನ್ನೆಯ ಹಾರವನ್ನು ತಂದು ಅದರ ಮೇಲೆ ಇಡಲು ಹೋದಳು.

"ಹೂವ ಬ್ಯಾಡ," ಎಂದೆ. "ಕಂಡ್ರ ಕಾಣ್ಲಿ."

ಉಳಿದ ಐದು ಕಾರುಗಳ ಡ್ರೈವರುಗಳೂ ಬಂದರು, ಎರಡೂಕಾಲಿಗೆ ಹೊರಟೆವು. ಹೈವೇಯಲ್ಲಿ ಹಬ್ಬದ ದಟ್ಟಣೆ. ನಾನು ಆರನೇ ಕಾರಿನಲ್ಲಿ, ಅವಳ ಪಕ್ಕ ಕೂತಿದ್ದೆ. ಘಾಟ್‌ಕೋಪರ್ ದಾಟುವ ತನಕ ಕಾರು ತೆವಳಿತು. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ರಿಕ್ಷಾದವನು ಬಾನೆಟ್ಟಿನ ಮಚ್ಚೆಯನ್ನೂ ಬಾಗಿಲಿನ ನಗುವ ಹೆಂಗಸನ್ನೂ ನೋಡಿ, ಆಮೇಲೆ ನನ್ನ ಮೀಸೆಯನ್ನು ನೋಡಿ ನಕ್ಕ. ಅವಳು ಅವನ ಕಡೆ ತಿರುಗಿಯೂ ನೋಡದೆ ಗೇರ್ ಹಾಕಿದಳು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮೈದಾನ ಮುಟ್ಟಿದೆವು. ಐದು ಕಾರು ಮುಖ ಮಾಡಿ ನಿಂತವು. ಆರನೆಯದನ್ನು ಅವಳು ರಿವರ್ಸಿನಲ್ಲಿ ತಂದು, ಒಂದೇ ಸಲಕ್ಕೆ, ಗೆರೆ ಎಳೆದಂತೆ ನಿಲ್ಲಿಸಿದಳು. ಚಟ್ನಿಯ ಬಟ್ಟಲು ಜನರ ಕಡೆಗೆ ಬಂತು. ಯಾರೋ ಫೋಟೋ ತೆಗೆದರು. ಉಪಾಯ ಹೂಡಿದವನು ನಾನೇ ಎಂದು ಹೇಳಿಕೊಳ್ಳಲು ನನ್ನ ನಾಲಗೆ ತುರಿಸುತ್ತಿತ್ತು.

ಕಂಪನಿಯ ಮಾಲೀಕರು ನನ್ನ ವಯಸ್ಸಿನವರೇ. ಸಾಲಿನುದ್ದಕ್ಕೂ ನಡೆದು ಒಂದೊಂದೇ ಇಡ್ಲಿ ನೋಡುತ್ತ ಬಂದರು. ಆರನೆಯದರ ಮುಂದೆ ನಿಂತರು.

"ಯೇ ಉಲ್ಟಾ ಕ್ಯೋಂ?"

ಇದೇಕೆ ತಿರುಗಿ ನಿಂತಿದೆ? ಮೇಡಂ ನನ್ನನ್ನು ನೋಡಿದರು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳು ಮುಂದೆ ಬಂದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ತನ್ನ ಹರಕು ಹಿಂದಿಯಲ್ಲಿ, ಬಾನೆಟ್ಟಿನ ಮೇಲೆ ತೆಂಗಿನಕಾಯಿ ಬಿದ್ದಿತ್ತು, ಬಣ್ಣ ಹೊಡೆಸಿದ್ದೆ, ಹೇಳಲಿಲ್ಲ, ಇವರದೇನೂ ತಪ್ಪಿಲ್ಲ ಎಂದಳು.

"ಇವರದೂ ಇದೆ," ಎಂದರು ಮೇಡಂ. "ಪರೀಕ್ಷೆ ಮಾಡದೆ ಸಹಿ ಹಾಕಿದ್ದಾರೆ."

ಮಾಲೀಕರು ಕಾರಿನ ಮುಂಭಾಗಕ್ಕೆ ಸುತ್ತಿ ಹೋದರು. ನಾವೆಲ್ಲ ಹಿಂದೆ ಹೋದೆವು. ಅವರು ಬಗ್ಗಿ ಬೂದು ಮಚ್ಚೆಯನ್ನು ನೋಡಿದರು. ಆಮೇಲೆ ಬೆರಳು ಮಡಚಿ ಗೆಣ್ಣಿನಿಂದ ಅದರ ಮೇಲೆ ಎರಡು ಸಲ ಕುಟ್ಟಿದರು.

ಧಪ್ ಧಪ್.

ಹಸಿ ಗೋಡೆಗೆ ಬಡಿದ ಸದ್ದು. ಕಿವಿ ಕೇಳದ ಮುದುಕನೂ ಪುಟ್ಟಿ ಎಂದು ಹೇಳುತ್ತಿದ್ದ. ನಿನ್ನೆ ಮಧ್ಯಾಹ್ನ ನಾನು ಆ ಒಂದು ಗೇಣು ಜಾಗದಲ್ಲಿ ಕುಟ್ಟಿದ್ದರೆ, ಅಥವಾ ನಾಲ್ಕು ಹೆಜ್ಜೆ ನಡೆದು ಒಂದು ಟೇಪು ತಂದಿದ್ದರೆ! ಕೊಚ್ಚಿಕೊಳ್ಳಲು ತುರಿಸುತ್ತಿದ್ದ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು.

ಮಾಲೀಕರು ನೆಟ್ಟಗೆ ನಿಂತು, ಅವಳ ಕಡೆ ನೋಡಿ, "ಆಠ್ ದಿನ್," ಎಂದರು. ಎಂಟು ದಿನದೊಳಗೆ ಬಾನೆಟ್ಟು ಸರಿಯಾದರೆ ಕೆಲಸ ಅವಳಿಗೇ. ಬಾವುಟ ಬೀಸಲು ಹೋದರು.

ಮರುದಿನವೇ ನಾನೇ ಹುಡುಕಿದ ಡೆಂಟರ್ ಹತ್ತಿರ ಬಾನೆಟ್ಟು ಬಿಚ್ಚಿಸಿ ಕೊಟ್ಟೆವು. ಅವನು ಪುಟ್ಟಿಯನ್ನು ತಗಡಿನ ತನಕ ಕೆರೆದು, ತಗ್ಗನ್ನು ಒಳಗಿನಿಂದ ಬಡಿದು ಎಬ್ಬಿಸಿ, ಪ್ರೈಮರ್ ಹೊಡೆದು, ಬಣ್ಣ ಹೊಡೆದು, ಭಟ್ಟಿಯಲ್ಲಿಟ್ಟು ಬೇಯಿಸಿದ. ಬಣ್ಣದ ಉಸಿರು ಪೂರ್ತಿ ಹೋಗುವ ಮೊದಲು ಹಾಳೆ ಹಾಕಿದರೆ ಗುಳ್ಳೆ ಏಳುತ್ತದೆ. ಹಾಗಾಗಿ ಉಳಿದ ದಿನಗಳೆಲ್ಲ ಕಾಯುವುದೇ ಕೆಲಸ. ನಾನು ದಿನಕ್ಕೆ ಎರಡು ಸಲ ಹೋಗಿ ಬಾನೆಟ್ಟಿನ ಮುಖ ನೋಡಿ ಬರುತ್ತಿದ್ದೆ. ಅವಳು ಅಷ್ಟೂ ದಿನ ಬೂದು ಮಚ್ಚೆಯೂ ಇಲ್ಲದ, ಬಾನೆಟ್ಟೇ ಇಲ್ಲದ ಕಾರನ್ನು ನೋಡುತ್ತ ಕಾಂಪೌಂಡಿನಲ್ಲಿ ಕೂತಿರುತ್ತಿದ್ದಳಂತೆ. ತೆಂಗಿನ ಮರದ ಬುಡದಿಂದ ದೂರಕ್ಕೆ ಮಾತ್ರ ಸರಿಸಿದ್ದಳು.

ಎಂಟನೇ ದಿನ ಬೆಳಿಗ್ಗೆ ಬಾನೆಟ್ಟು ಕೂರಿಸಿ ಶೆಡ್ಡಿಗೆ ತಂದಳು. ಕುಂಕುಮವಿಲ್ಲ, ಹೂವಿಲ್ಲ. ನಾನು ಟೇಪಿನ ಸುರುಳಿಯನ್ನು ಅವಳ ಕೈಗೆ ಕೊಟ್ಟೆ.

"ನೀನ ಹಚ್ಚು. ನೀನ ಕೀಳು."

ನಡುಮಧ್ಯೆ ಟೇಪು ಹಚ್ಚಿ ಹೆಬ್ಬೆರಳಿನಿಂದ ಮೂರು ಸಲ ಒತ್ತಿದಳು. ಕಣ್ಣು ಮುಚ್ಚಿ ಸರ್ರನೆ ಕಿತ್ತಳು. ತೆರೆದು ನೋಡಿದರೆ ಟೇಪಿನಲ್ಲಿ ಏನೂ ಇಲ್ಲ. ಇನ್ನೊಂದು ಕಡೆ ಹಚ್ಚಿದಳು, ಕಿತ್ತಳು. ಏಳು ಕಡೆ ಹಚ್ಚಿದಳು. ಏಳೂ ಬರಿಯ ಟೇಪು.

"ಸಾಕ ಮಾಡ ತಂಗಿ. ಇ‌ನ್ನೂ ಕಿತ್ರ ಟೇಪಿನ ಕಂಪನಿ ಉದ್ಧಾರ ಆಕ್ಕೈತಿ."

ಒಂದೂವರೆ ಗಂಟೆಯಲ್ಲಿ ಇಡ್ಲಿ ಕೂತಿತು. ಫೋನನ್ನು ಮೊದಲೇ ಟಿಫಿನ್ ಡಬ್ಬಿಯೊಳಗೆ ಹಾಕಿ ಮುಚ್ಚಿದ್ದೆ. ಒಂದು ಸಾಸಿವೆಯಷ್ಟು ಗುಳ್ಳೆ ಉಳಿಯಿತು. ಇಡ್ಲಿಯಲ್ಲಿ ಅಷ್ಟಾದರೂ ತೂತಿರಬೇಕು ಎಂದು ನಾನು ಹೇಳಿದೆ, ಪಾರ್ಟ್ನರ್ ಕೇಳದೆ ಸೂಜಿಯಿಂದ ಚುಚ್ಚಿ ಒತ್ತಿದ. ಮೇಡಂಗೆ ಫೋಟೋ ಕಳಿಸಿದೆವು. ಹತ್ತು ನಿಮಿಷದಲ್ಲಿ ಅವಳಿಗೆ ಸಂದೇಶ ಬಂತು, ನಾಳೆ ಆರಕ್ಕೆ ಹಿಟ್ಟು ತುಂಬಿಸಿಕೊಳ್ಳಲು ಬರಬೇಕು ಎಂದು. ಅವಳು ಅದನ್ನು ಎರಡು ಸಲ ಓದಿ, ಮೂರನೇ ಸಲ ನನಗೆ ಓದಿ ಹೇಳಿದಳು.

ಚಹಾ ಬಂತು. ನನಗೆ ಮತ್ತೆ ನಾಲಗೆ ಬಂತು. "ನೋಡು ತಂಗಿ, ಈ ಮುಂಬೈಯಾಗ ಒರಿಜಿನಲ್ ಬಣ್ಣ ಗುರುತು ಹಿಡಿಯೋ ಮನಶಾ ಅಂದ್ರ..."

"ಒಂದು ನಿಮಿಷ ಬಾಯಿ ಮುಚ್ಚಿ ಮಾರಾಯ್ರೆ," ಎಂದ ಪಾರ್ಟ್ನರ್.

ಏನೋ ಹೇಳುತ್ತಾನೆಂದು ಮುಚ್ಚಿದೆ. ಅವನು ಒಂದು ತುಂಡು ಟೇಪು ಹರಿದು ನನ್ನ ಮೀಸೆಯ ಮೇಲೆ ಹಚ್ಚಿ, ಸ್ಕ್ವೀಜಿಯಿಂದ ನಡುವಿನಿಂದ ಅಂಚಿಗೆ ಒಮ್ಮೆ ಒತ್ತಿ, ಸರ್ರನೆ ಕಿತ್ತ. ನನ್ನ ಕಣ್ಣಲ್ಲಿ ನೀರು ಬಂತು. ಅವನು ಟೇಪನ್ನು ಬೆಳಕಿಗೆ ಹಿಡಿದ. ಮೂರು ಕೂದಲು, ಬುಡ ಬಿಳಿ, ತುದಿ ಕಪ್ಪು. ಅವಳಿಗೂ ತೋರಿಸಿದ.

"ಇದು ಕಂಪನಿ ಪೇಂಟ್ ಅಲ್ಲ," ಎಂದ. "ಫಾರಂನಲ್ಲಿ ಎಂತ ಬರೆಯುವ?"

ಅವಳು ಲೋಟ ಕೆಳಗಿಟ್ಟು ಬಾನೆಟ್ಟು ಹಿಡಿದುಕೊಂಡು ನಕ್ಕಳು. ಆಮೇಲೆ ಅವನೂ ನಕ್ಕ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಅವನ ಮುಂದಿನ ಎರಡು ಹಲ್ಲುಗಳ ನಡುವೆ ಅಷ್ಟು ದೊಡ್ಡ ಸಂದಿ ಇದೆಯೆಂದು ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ.